ಕೇಳುವ ಬಗೆ: ಬಹರೈನಿನ ಕಾಲೇಜುಗಳಲ್ಲಿ ವಿಕಲಚೇತನ ವಿದ್ಯಾರ್ಥಿಗಳು

ಬಹರೈನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಹೆಚ್ಚಾಗಿ ಓದುವುದು ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ. 1950ರಲ್ಲಿ ಆರಂಭವಾಗಿ ಇಂದು ಈಸಾ ಟೌನ್ ಮತ್ತು ರಿಫಾಗಳಲ್ಲಿ ಆವರಣಗಳನ್ನು ಹೊಂದಿರುವ ಇಂಡಿಯನ್ ಸ್ಕೂಲ್ ಅವುಗಳಲ್ಲಿ ಹಳೆಯದು. ಸಿಬಿಎಸ್‌ಇ ಮಂಡಳಿಯ ಪರೀಕ್ಷೆ ಬರೆಯುವ ಈ ಮಕ್ಕಳಲ್ಲಿ ದೃಷ್ಟಿದೋಷ, ಶ್ರವಣದೋಷ, ಕಲಿಕಾ ನ್ಯೂನತೆ ಮುಂತಾದ ತೊಂದರೆ ಇರುವವರಿಗೆ ಮೂರು ಗಂಟೆಯ ಪತ್ರಿಕೆಗೆ 60 ನಿಮಿಷಗಳ ಹೆಚ್ಚುವರಿ ಸಮಯ, ಉತ್ತರವನ್ನು ಹೇಳಿ ಬರೆಸಲು ಬರಹ ಸಹಾಯಕ, ಕೆಲವರಿಗೆ ಎರಡನೇ ಭಾಷೆಯಿಂದ ವಿನಾಯಿತಿ ದೊರೆಯುತ್ತವೆ. ಇವನ್ನೆಲ್ಲ ಕೇಳಿ ಪಡೆಯುವವರು ತಂದೆತಾಯಿ ಮತ್ತು ಶಾಲೆಯ ವಿಶೇಷ ಶಿಕ್ಷಕರಾದ್ದರಿಂದ, ವಿದ್ಯಾರ್ಥಿಯು ತನ್ನ ಅಗತ್ಯದ ಬಗ್ಗೆ ಒಂದು ಮಾತೂ ಆಡದೆ ಹನ್ನೆರಡನೇ ತರಗತಿ ದಾಟಿಬಿಡುವುದು ಸಾಮಾನ್ಯ. ಕಾಲೇಜಿನ ವ್ಯವಸ್ಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಹದಿನೆಂಟರ ವಿದ್ಯಾರ್ಥಿ ವಯಸ್ಕ. ಅವನು ಅಥವಾ ಅವಳು ಬಾಯಿ ಬಿಟ್ಟು ಕೇಳದ ಹೊರತು ಯಾವ ಏರ್ಪಾಡೂ ಶುರುವಾಗುವುದಿಲ್ಲ, ಮತ್ತು ಶಾಲೆಯಲ್ಲಿ ಸಿಕ್ಕಿದ ಸೌಲಭ್ಯ ತಾನಾಗಿಯೇ ಕಾಲೇಜಿಗೆ ಹರಿದು ಬರುವುದಿಲ್ಲ. ಹನ್ನೆರಡು ವರ್ಷ ಅಮ್ಮ ಆಡಿದ ಮಾತನ್ನು ಮಗಳು ಒಂದು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಕಲಿಯಬೇಕಾಗುತ್ತದೆ.

ಕೇಳಬೇಕಾದದ್ದಕ್ಕೆ ಕಾನೂನಿನಲ್ಲಿ ಸಮಂಜಸ ಹೊಂದಾಣಿಕೆ ಎಂಬ ಹೆಸರಿದೆ. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ ಎರಡನೇ ವಿಧಿಯು ಇದನ್ನು ವಿವರಿಸುತ್ತದೆ: ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಬೀಳದಂತೆ, ಒಬ್ಬ ನಿರ್ದಿಷ್ಟ ವ್ಯಕ್ತಿಯು ಇತರರಿಗೆ ಸಮನಾಗಿ ತನ್ನ ಹಕ್ಕನ್ನು ಅನುಭವಿಸಲು ಬೇಕಾದ ಅಗತ್ಯ ಮಾರ್ಪಾಡು. ಈ ವ್ಯಾಖ್ಯೆಯಲ್ಲಿ ಗಮನಿಸಬೇಕಾದ ಅಂಶ ಎರಡು. ಮಾರ್ಪಾಡು ಒಬ್ಬ ವ್ಯಕ್ತಿಯ ಅಗತ್ಯಕ್ಕೆ ತಕ್ಕದ್ದಾಗಿರಬೇಕು. ಆದ್ದರಿಂದ ಒಂದೇ ಕಾಯಿಲೆಯ ಇಬ್ಬರಿಗೆ ಬೇರೆ ಬೇರೆ ಏರ್ಪಾಡು ಬೇಕಾಗಬಹುದು. ಮತ್ತೆ, ಅದು ಪರೀಕ್ಷಿಸುವ ವಿಧಾನವನ್ನು ಬದಲಿಸುತ್ತದೆಯೇ ವಿನಾ ಪರೀಕ್ಷಿಸುವ ವಿಷಯವನ್ನಲ್ಲ: ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ ಅಕ್ಷರದ ಗಾತ್ರ ದೊಡ್ಡದಾಗಬಹುದು, ಆದರೆ ಜಮಾಖರ್ಚಿನ ಪಟ್ಟಿ ತಾಳೆಯಾಗಲೇಬೇಕು. ಇದೇ ಒಡಂಬಡಿಕೆಯ 24ನೇ ವಿಧಿಯ ಐದನೇ ಉಪವಿಧಿಯು ಈ ಹೊಂದಾಣಿಕೆ ಉನ್ನತ ಶಿಕ್ಷಣಕ್ಕೂ ಅನ್ವಯಿಸುತ್ತದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಭಾರತ ಈ ಒಡಂಬಡಿಕೆಯನ್ನು 2007ರಲ್ಲಿಯೂ ಬಹರೈನ್ 2011ರಲ್ಲಿಯೂ ಅನುಮೋದಿಸಿವೆ.

ಈ ಪರಿಕಲ್ಪನೆ ಹುಟ್ಟಿದ್ದು ಅಂಗವೈಕಲ್ಯದ ಸಂದರ್ಭದಲ್ಲಿ ಅಲ್ಲ ಎಂಬುದು ಕುತೂಹಲದ ಸಂಗತಿ. ನೌಕರರು ತಮ್ಮ ಧಾರ್ಮಿಕ ಆಚರಣೆಯನ್ನು ಪಾಲಿಸಲು ಮಾಲೀಕರು ಕೆಲಸದ ವೇಳೆಯನ್ನು ಸಾಧ್ಯವಾದಷ್ಟು ಹೊಂದಿಸಿಕೊಡಬೇಕು ಎಂದು 1972ರಲ್ಲಿ ಅಮೆರಿಕದ ಕಾನೂನಿಗೆ ತಂದ ತಿದ್ದುಪಡಿಯಲ್ಲಿ ಅದು ಶಾಸನದ ರೂಪ ಪಡೆಯಿತು. ಅಂಗವೈಕಲ್ಯದ ಕಾನೂನಿಗೆ ಅದು ಆಮೇಲೆ ಬಂದದ್ದು. ಬಹರೈನಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಂಜಾನ್ ತಿಂಗಳಲ್ಲಿ ಮುಸ್ಲಿಂ ನೌಕರರ ದುಡಿಮೆ ದಿನಕ್ಕೆ ಆರು ಗಂಟೆ ಮೀರಕೂಡದೆಂದು 2012ರ ಕಾರ್ಮಿಕ ಕಾಯ್ದೆ ಹೇಳುತ್ತದೆ, ತರಗತಿಗಳ ವೇಳೆಯೂ ಬದಲಾಗುತ್ತದೆ, ಇದರಿಂದ ಶಿಕ್ಷಣದ ಗುಣಮಟ್ಟ ಕುಸಿಯಿತೆಂದು ಯಾರೂ ದೂರುವುದಿಲ್ಲ. ಸಾವಿರಾರು ಜನರಿಗಾಗಿ ವೇಳಾಪಟ್ಟಿಯನ್ನೇ ಬದಲಿಸಬಲ್ಲ ಸಂಸ್ಥೆಗೆ ಒಬ್ಬ ವಿದ್ಯಾರ್ಥಿಗೆ ಮೂವತ್ತು ನಿಮಿಷ ಹೆಚ್ಚು ಕೊಡುವುದು ಅಸಾಧ್ಯವೆನ್ನುವ ವಾದ ನಿಲ್ಲುವಂಥದ್ದಲ್ಲ.

ಬಹರೈನಿನ ಸ್ವಂತ ಶಾಸನವೆಂದರೆ ವಿಕಲಚೇತನರ ಆರೈಕೆ, ಪುನರ್ವಸತಿ ಮತ್ತು ಉದ್ಯೋಗಕ್ಕೆ ಸಂಬಂಧಿಸಿದ 2006ರ 74ನೇ ಕಾಯ್ದೆ. ಮಾಸಿಕ ಭತ್ಯೆಯಂತಹ ಅದರ ನೇರ ಪ್ರಯೋಜನಗಳು ದೇಶದ ನಾಗರಿಕರಿಗಾಗಿ ಇರುವುದರಿಂದ, ವಲಸಿಗ ಕುಟುಂಬಗಳು ಈ ಕಾನೂನು ತಮಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸಿ ಕಾಲೇಜಿನಲ್ಲಿಯೂ ಕೇಳದೆ ಕುಳಿತುಬಿಡುತ್ತವೆ. ಇದು ತಪ್ಪು ಲೆಕ್ಕ. ಭತ್ಯೆ ಸರ್ಕಾರ ಕೊಡುವ ಹಣ; ಪರೀಕ್ಷೆಯಲ್ಲಿನ ಹೆಚ್ಚುವರಿ ಸಮಯ ವಿಶ್ವವಿದ್ಯಾಲಯವು ತನ್ನಲ್ಲಿ ದಾಖಲಾದ ವಿದ್ಯಾರ್ಥಿಗೆ ಮಾಡಿಕೊಡುವ ಶೈಕ್ಷಣಿಕ ಏರ್ಪಾಡು, ಅದಕ್ಕೆ ಪಾಸ್‌ಪೋರ್ಟಿನ ಬಣ್ಣ ಮುಖ್ಯವಾಗಬೇಕಾಗಿಲ್ಲ. 1986ರಲ್ಲಿ ಸ್ಥಾಪನೆಯಾದ ಬಹರೈನ್ ವಿಶ್ವವಿದ್ಯಾಲಯದಲ್ಲಿ ಇಂತಹ ಕೋರಿಕೆ ಹೋಗುವುದು ವಿದ್ಯಾರ್ಥಿ ವ್ಯವಹಾರಗಳ ವಿಭಾಗಕ್ಕೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅದೇ ಕೆಲಸ ಆಪ್ತ ಸಮಾಲೋಚಕರ ಅಥವಾ ಶೈಕ್ಷಣಿಕ ಸಲಹೆಗಾರರ ಪಾಲಿಗೆ ಬಂದಿರಬಹುದು. ವಿದೇಶದ ಪದವಿ ಕೊಡುವ ಸಂಸ್ಥೆಗಳದ್ದು ಇನ್ನೊಂದು ಬಗೆ: 2004ರಿಂದ ವೈದ್ಯಕೀಯ ಶಿಕ್ಷಣ ನೀಡುತ್ತಿರುವ ಆರ್‌ಸಿಎಸ್‌ಐ ಬಹರೈನ್ ಐರ್ಲೆಂಡಿನ ಸಂಸ್ಥೆಯ ಶಾಖೆ, ಬ್ರಿಟಿಷ್ ಯೂನಿವರ್ಸಿಟಿ ಆಫ್ ಬಹರೈನ್ ಕೊಡಿಸುವುದು ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದ ಪದವಿ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಇಂತಹ ಹೊಂದಾಣಿಕೆಯನ್ನು ಕಡ್ಡಾಯ ಮಾಡಿದೆ. ಆ ಕಾಯ್ದೆ ಸಮುದ್ರ ದಾಟಿ ಮನಾಮಾಕ್ಕೆ ಬರುತ್ತದೆಂದಲ್ಲ. ಆದರೆ ಪರೀಕ್ಷಾ ನಿಯಮಗಳು ಮೂಲ ಸಂಸ್ಥೆಯವಾಗಿದ್ದರೆ ಅದರ ಹೊಂದಾಣಿಕೆಯ ನಿಯಮಾವಳಿಯೂ ಇಲ್ಲಿ ಜಾರಿಯಲ್ಲಿದೆಯೇ ಎಂದು ಪ್ರವೇಶದ ಹೊತ್ತಿನಲ್ಲಿಯೇ ವಿಚಾರಿಸುವುದು ಜಾಣತನ.

ಹೀಗೆ ಕಚೇರಿಯೊಂದು ಇದ್ದ ಮೇಲೆ ಅಧ್ಯಾಪಕರನ್ನು ಕೇಳುವುದೇಕೆ ಎಂಬ ಪ್ರಶ್ನೆ ಬರುತ್ತದೆ. ಅರ್ಹತೆಯನ್ನು ತೀರ್ಮಾನಿಸುವುದು ಕಚೇರಿಯ ಕೆಲಸ: ವೈದ್ಯಕೀಯ ದಾಖಲೆ ನೋಡಿ, ಯಾವ ಹೊಂದಾಣಿಕೆ ಸಲ್ಲುತ್ತದೆಂದು ಬರೆದು ಒಂದು ಪತ್ರ ಕೊಡುವುದು. ಆದರೆ ಆ ಪತ್ರವು ತರಗತಿಯೊಳಗೆ ನಡೆಯುವ ವ್ಯವಹಾರವಾಗುವುದು ಅಧ್ಯಾಪಕರ ಕೈಯಲ್ಲಿ. ಇದಕ್ಕೆ ಆನ್‌ಲೈನ್ ಕಿರುಪರೀಕ್ಷೆಯೇ ಸಾಕ್ಷಿ. ಮೂಡಲ್ ಅಥವಾ ಬ್ಲ್ಯಾಕ್‌ಬೋರ್ಡ್‌ನಂತಹ ತಂತ್ರಾಂಶದಲ್ಲಿ ಇಪ್ಪತ್ತು ನಿಮಿಷದ ಪರೀಕ್ಷೆಯೊಂದನ್ನು ಇಟ್ಟರೆ ಗಡಿಯಾರವು ಎಲ್ಲರಿಗೂ ಇಪ್ಪತ್ತೇ ನಿಮಿಷಕ್ಕೆ ನಿಲ್ಲುತ್ತದೆ. ಒಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ಮೂವತ್ತು ನಿಮಿಷವೆಂದು ಪ್ರತ್ಯೇಕವಾಗಿ ನಮೂದಿಸಬೇಕಾದವರು ಆ ವಿಷಯದ ಅಧ್ಯಾಪಕರು. ಅವರು ಮರೆತರೆ ಕಚೇರಿಯ ಪತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಪರದೆ ಮುಚ್ಚಿಕೊಳ್ಳುತ್ತದೆ, ಅರ್ಧ ಬರೆದ ಉತ್ತರ ತಾನಾಗಿ ಸಲ್ಲಿಕೆಯಾಗುತ್ತದೆ. ಇದರಲ್ಲಿ ದ್ವೇಷವೇನೂ ಇರುವುದಿಲ್ಲ. ನಾಲ್ಕು ವಿಭಾಗಗಳಿಗೆ ಪಾಠ ಹೇಳುವವರ ಮರೆವು ಅಷ್ಟೆ. ಪರೀಕ್ಷೆಗೆ ಎರಡು ದಿನ ಮುಂಚೆ ಒಂದು ಸಾಲಿನ ನೆನಪೋಲೆ ಕಳಿಸಿದ ವಿದ್ಯಾರ್ಥಿಗೆ ಈ ತೊಂದರೆ ಬರುವುದು ಅಪರೂಪ.

ಅಧ್ಯಾಪಕರಿಗೆ ಬರೆಯುವ ಮೊದಲ ಪತ್ರದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ರೋಗದ ವಿವರ ಹೆಚ್ಚಾಗಿ, ಅಡ್ಡಿಯ ವಿವರ ಕಡಿಮೆಯಾಗುವುದು. ಹುಟ್ಟಿದಾಗಿನಿಂದ ಇರುವ ತೊಂದರೆ, ಆದ ಶಸ್ತ್ರಚಿಕಿತ್ಸೆ, ವೈದ್ಯರ ಹೆಸರು, ಮನೆಯವರ ಸಂಕಟ ಎಲ್ಲವನ್ನೂ ಬರೆದು, ಕೊನೆಗೆ ‘ದಯವಿಟ್ಟು ಸಹಾಯ ಮಾಡಬೇಕು’ ಎಂದು ಮುಗಿಸಿದರೆ, ಓದಿದವರಿಗೆ ಕನಿಕರ ಹುಟ್ಟಬಹುದು, ಏನು ಮಾಡಬೇಕೆಂದು ಮಾತ್ರ ತಿಳಿಯುವುದಿಲ್ಲ. ಇದರ ಬದಲು ‘ಹಲಗೆಯ ಮೇಲೆ ಬರೆದದ್ದು ಮುಂದಿನ ಸಾಲಿನಿಂದಲೂ ಕಾಣುವುದಿಲ್ಲ, ತರಗತಿಯ ಹಿಂದಿನ ದಿನ ಸ್ಲೈಡುಗಳು ಸಿಕ್ಕಿದರೆ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿಕೊಳ್ಳಲು ಆಗುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ಅಡ್ಡಿಯೂ ಇದೆ, ಪರಿಹಾರವೂ ಇದೆ, ಅಧ್ಯಾಪಕರು ಮಾಡಬೇಕಾದ ಕೆಲಸದ ಅಳತೆಯೂ ಇದೆ. ರೋಗದ ಹೆಸರು ಇಲ್ಲಿ ಬಂದೇ ಇಲ್ಲ, ಬರಬೇಕಾಗಿಯೂ ಇಲ್ಲ. ಬಹರೈನಿನ 2018ರ 30ನೇ ಕಾಯ್ದೆ, ಅಂದರೆ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯು, ಆರೋಗ್ಯದ ವಿವರಗಳನ್ನು ಸೂಕ್ಷ್ಮ ಮಾಹಿತಿಯ ವರ್ಗಕ್ಕೆ ಸೇರಿಸಿದೆ. ಆದ್ದರಿಂದ ವೈದ್ಯಕೀಯ ವರದಿಯನ್ನು ಕಚೇರಿಗೆ ಮಾತ್ರ ಕೊಟ್ಟು, ಅಧ್ಯಾಪಕರಿಗೆ ಕಚೇರಿಯ ಪತ್ರವನ್ನು ತೋರಿಸುವುದು ಸರಿಯಾದ ಕ್ರಮ. ಹೇಳಿದರೆ ಅನುಕೂಲವೆನಿಸಿದಲ್ಲಿ ವಿದ್ಯಾರ್ಥಿ ತಾನಾಗಿ ಹೇಳಬಹುದು. ಹೇಳಲೇಬೇಕೆಂಬ ಒತ್ತಾಯ ಸಲ್ಲದು.

ಪತ್ರದ ಉಳಿದ ಭಾಗ ಚಿಕ್ಕದು. ಹೆಸರು, ವಿದ್ಯಾರ್ಥಿ ಸಂಖ್ಯೆ, ವಿಷಯ ಮತ್ತು ವಿಭಾಗ, ಕಚೇರಿಯ ಪತ್ರದ ಪ್ರಸ್ತಾಪ, ಬೇಕಾದ ಏರ್ಪಾಡು, ಭೇಟಿಗೆ ಸಮಯ ಕೋರುವ ಒಂದು ಸಾಲು ಇಷ್ಟಿದ್ದರೆ ಸಾಕು. ಒಂದು ಪರದೆಗೆ ಹಿಡಿಸದ ಪತ್ರ ಪೂರ್ತಿ ಓದಿಸಿಕೊಳ್ಳುವುದಿಲ್ಲ. ಅರಬ್ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌.ಡಿ. ಪಡೆದ ಅಧ್ಯಾಪಕರನ್ನು ‘ಡಾಕ್ಟರ್’ ಎಂಬ ಪದದ ಜೊತೆ ಅವರ ಮೊದಲ ಹೆಸರು ಸೇರಿಸಿ ಸಂಬೋಧಿಸುವುದು ರೂಢಿ. ಸರ್, ಮೇಡಂ ಎಂದೇ ಬೆಳೆದ ನಮ್ಮ ಮಕ್ಕಳಿಗೆ ಮೊದಲು ಇದು ಸಲುಗೆ ಹೆಚ್ಚಾದಂತೆ ಅನ್ನಿಸಿದರೂ ಅಲ್ಲಿ ಅದೇ ಗೌರವದ ಮಾತು. ಭೇಟಿಯನ್ನು ಅಧ್ಯಾಪಕರ ಕಚೇರಿ ವೇಳೆಯಲ್ಲಿ ಇಟ್ಟುಕೊಳ್ಳಬೇಕು, ತರಗತಿ ಮುಗಿದ ಕೂಡಲೇ ಎಲ್ಲರೂ ಸುತ್ತುವರಿದಿರುವಾಗ ಅಲ್ಲ. ಮಾತುಕತೆ ಮುಗಿದ ಮೇಲೆ ಅಂದೇ ಸಂಜೆ ‘ಇಂದು ಒಪ್ಪಿದಂತೆ’ ಎಂದು ಶುರುಮಾಡಿ, ತೀರ್ಮಾನವಾದದ್ದನ್ನು ಮಿಂಚಂಚೆಯಲ್ಲಿ ಬರೆದು ಕಳಿಸುವುದು ಅತ್ಯಗತ್ಯ. ಬಾಯಿಮಾತಿನ ಒಪ್ಪಂದ ಮಧ್ಯಾವಧಿ ಪರೀಕ್ಷೆಯ ಹೊತ್ತಿಗೆ ಎರಡು ಕಡೆಯೂ ಬೇರೆ ಬೇರೆಯಾಗಿ ನೆನಪಿರುತ್ತದೆ.

ಕೇಳುವ ಕಾಲವೂ ಮುಖ್ಯವೇ. ಸೆಮಿಸ್ಟರ್ ಆರಂಭದ ಮೊದಲ ಎರಡು ವಾರಗಳು ಪ್ರಶಸ್ತ, ಏಕೆಂದರೆ ಪಾಠಯೋಜನೆಯೂ ಅಂಕಗಳ ಹಂಚಿಕೆಯೂ ಆಗಷ್ಟೇ ವಿದ್ಯಾರ್ಥಿಗಳ ಕೈಸೇರಿರುತ್ತವೆ, ಯಾವ ವಿಷಯದಲ್ಲಿ ಎಲ್ಲಿ ತೊಡಕಾಗಬಹುದೆಂದು ಮುಂಗಾಣಬಹುದು. ಉಗ್ಗು ಇರುವ ವಿದ್ಯಾರ್ಥಿಗೆ ಬರವಣಿಗೆಯ ಪರೀಕ್ಷೆಯಲ್ಲಿ ಏನೂ ಬೇಕಾಗಿರುವುದಿಲ್ಲ, ಆದರೆ ಇಪ್ಪತ್ತು ಅಂಕಗಳ ಮೌಖಿಕ ಮಂಡನೆ ಇದ್ದರೆ ಅದನ್ನು ಅಧ್ಯಾಪಕರ ಎದುರು ಮಾತ್ರ ಮಾಡುವ ಅಥವಾ ಮುಂಚಿತವಾಗಿ ಧ್ವನಿಮುದ್ರಿಸಿ ಕೊಡುವ ಅವಕಾಶ ಬೇಕಾಗುತ್ತದೆ. ಶ್ರವಣದೋಷದ ವಿದ್ಯಾರ್ಥಿಯ ಕಷ್ಟ ಬಹರೈನಿನಲ್ಲಿ ಇನ್ನೂ ಒಂದು ಸುತ್ತು ಹೆಚ್ಚು. ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿಯೂ ಅಧ್ಯಾಪಕರು ಉದಾಹರಣೆ ಕೊಡುವಾಗ, ತಮಾಷೆ ಮಾಡುವಾಗ ಅರಬ್ಬಿಗೆ ಹೊರಳುವುದುಂಟು. ತುಟಿಯ ಚಲನೆ ನೋಡಿ ಇಂಗ್ಲಿಷನ್ನು ಹಿಡಿಯುತ್ತಿದ್ದ ಕನ್ನಡದ ಹುಡುಗಿಗೆ ಆ ಕ್ಷಣದಲ್ಲಿ ಕೊಂಡಿ ಕಳಚಿಬಿಡುತ್ತದೆ, ಮಾತು ಮರಳಿ ಇಂಗ್ಲಿಷಿಗೆ ಬಂದದ್ದು ತಿಳಿಯಲು ಮತ್ತೆರಡು ವಾಕ್ಯ ಕಳೆಯಬೇಕು. ಇದನ್ನು ಹೀಗೆಯೇ ಬಿಡಿಸಿ ಹೇಳಿದರೆ ಯಾವ ಅಧ್ಯಾಪಕರೂ ಆಕ್ಷೇಪವೆಂದು ತಿಳಿಯುವುದಿಲ್ಲ. ಹಲಗೆಯ ಕಡೆ ತಿರುಗಿ ಮಾತಾಡದಿರುವುದು, ವಿಡಿಯೊಗಳಿಗೆ ಅಡಿಬರಹ ಹಾಕುವುದು, ಭಾಷೆ ಬದಲಿಸುವಾಗ ಕೈಯೆತ್ತಿ ಸೂಚಿಸುವುದು ಇವು ಕಾಸಿನ ಖರ್ಚಿಲ್ಲದ ಹೊಂದಾಣಿಕೆಗಳು.

ಕಣ್ಣಿಗೆ ಕಾಣದ ಅಂಗವೈಕಲ್ಯವನ್ನು ನಂಬಿಸುವುದು ಎಲ್ಲೆಡೆಯೂ ಕಷ್ಟವೆನ್ನುತ್ತಾರೆ. ಈ ವಿಚಾರದಲ್ಲಿ ಬಹರೈನಿಗೆ ಒಂದು ವಿಶೇಷವಿದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುವ ಸಿಕಲ್ ಸೆಲ್ ಕಾಯಿಲೆ ಈ ದ್ವೀಪದಲ್ಲಿ ಬಹಳ ಕಾಲದಿಂದ ವ್ಯಾಪಕವಾಗಿದ್ದು, ಮದುವೆಗೆ ಮುಂಚೆ ವೈದ್ಯಕೀಯ ತಪಾಸಣೆಯನ್ನು 2004ರಲ್ಲಿ ಕಾನೂನಿನ ಮೂಲಕ ಕಡ್ಡಾಯಗೊಳಿಸಲು ಇಂತಹ ಆನುವಂಶಿಕ ರಕ್ತದೋಷಗಳೇ ಮುಖ್ಯ ಕಾರಣ. ಇಂದು ನಕ್ಕು ಓಡಾಡುತ್ತಿದ್ದ ವಿದ್ಯಾರ್ಥಿ ನಾಳೆ ಸಲ್ಮಾನಿಯಾ ಆಸ್ಪತ್ರೆಯ ಹಾಸಿಗೆಯಲ್ಲಿರಬಹುದು, ವಾರದ ನಂತರ ಮತ್ತೆ ತರಗತಿಯಲ್ಲಿರಬಹುದು ಎಂಬುದು ಅಲ್ಲಿನ ಅಧ್ಯಾಪಕರಿಗೆ ಹೊಸ ಸಂಗತಿಯಲ್ಲ. ಅವರ ಸ್ವಂತ ನೆಂಟರಲ್ಲಿಯೇ ಅಂಥವರಿರುವ ಸಾಧ್ಯತೆ ಸಾಕಷ್ಟಿದೆ. ಈ ಕಾಯಿಲೆಯ ವಿದ್ಯಾರ್ಥಿಗೆ ಹೆಚ್ಚುವರಿ ಸಮಯದಿಂದ ದೊಡ್ಡ ಪ್ರಯೋಜನವಿಲ್ಲ. ಬೇಕಾದದ್ದು ಬೇರೆ: ಹಾಜರಾತಿಯಲ್ಲಿ ಸಡಿಲಿಕೆ, ತಪ್ಪಿಹೋದ ಪರೀಕ್ಷೆಗೆ ಬದಲಿ ದಿನ, ಮೇಜಿನ ಮೇಲೆ ನೀರಿನ ಬಾಟಲಿ, ಮತ್ತು ಏಸಿಯ ಗಾಳಿ ನೇರವಾಗಿ ಬೀಳದ ಕುರ್ಚಿ. ಕೊನೆಯದು ಹೊರಗಿನವರಿಗೆ ಕ್ಷುಲ್ಲಕವೆನಿಸೀತು, ಆದರೆ ಚಳಿಯು ನೋವಿನ ಸರಣಿಯನ್ನು ಕೆರಳಿಸಬಲ್ಲ ಕಾರಣಗಳಲ್ಲಿ ಒಂದು, ಮತ್ತು ಹೊರಗೆ ನಲವತ್ತು ಡಿಗ್ರಿ ಸುಡುವ ಜೂನ್ ತಿಂಗಳಲ್ಲಿ ಕೊಲ್ಲಿಯ ಪರೀಕ್ಷಾ ಕೊಠಡಿಗಳು ಎಷ್ಟು ತಣ್ಣಗಿರುತ್ತವೆಂದು ಅಲ್ಲಿ ಕುಳಿತವರೇ ಬಲ್ಲರು. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸಿಕಲ್ ಸೆಲ್, ಥಲಸ್ಸೇಮಿಯಾ, ಹಿಮೋಫಿಲಿಯಾಗಳೂ ಸೇರಿವೆ.

ಭಾರತದ ಈ ಕಾಯ್ದೆಯ ಪ್ರಸ್ತಾಪ ಬಹರೈನಿನ ಕನ್ನಡಿಗರಿಗೆ ಅಪ್ರಸ್ತುತವಲ್ಲ. ಹನ್ನೆರಡನೇ ತರಗತಿಯ ನಂತರ ಅವರ ಮಕ್ಕಳಲ್ಲಿ ದೊಡ್ಡ ಪಾಲು ಮಂಗಳೂರು, ಮಣಿಪಾಲ, ಬೆಂಗಳೂರುಗಳ ಕಡೆ ಮುಖ ಮಾಡುತ್ತದೆ. ಅಲ್ಲಿ ಕಾನೂನಿನ ಬಲ ಹೆಚ್ಚು, ಕಾಗದದ ಹಸಿವೂ ಹೆಚ್ಚು. ಕಾಯ್ದೆಯ 17ನೇ ಕಲಮು ಪರೀಕ್ಷಾ ಪದ್ಧತಿಯನ್ನು ವಿಕಲಚೇತನ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಬೇಕೆನ್ನುತ್ತದೆ. 32ನೇ ಕಲಮು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸ್ಥಾನಗಳನ್ನು ಕಾದಿರಿಸುತ್ತದೆ. ಮೀಸಲು ಸ್ಥಾನಕ್ಕೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. 2021ರ ಜೂನ್‌ನಿಂದ ಈ ಪ್ರಮಾಣಪತ್ರ ವಿಕಲಚೇತನರ ಗುರುತಿನ ಚೀಟಿಯ ಯುಡಿಐಡಿ ಜಾಲತಾಣದ ಮೂಲಕವೇ ಸಿಗುತ್ತದೆ. ಅರ್ಜಿಯನ್ನು ಮನಾಮಾದಲ್ಲಿ ಕುಳಿತು ತುಂಬಬಹುದಾದರೂ ತಪಾಸಣೆಗೆ ಊರಿನ ಆಸ್ಪತ್ರೆಗೆ, ದಕ್ಷಿಣ ಕನ್ನಡದವರಾದರೆ ಮಂಗಳೂರಿನ ವೆನ್ಲಾಕ್‌ನಂತಹ ಜಿಲ್ಲಾಸ್ಪತ್ರೆಗೆ, ಖುದ್ದಾಗಿ ಬರಬೇಕು. ಕಲಿಕಾ ನ್ಯೂನತೆ ಇರುವವರಿಗೆ ಇನ್ನೊಂದು ತಾಪತ್ರಯ: 2018ರ ಮಾರ್ಗಸೂಚಿಯ ಪ್ರಕಾರ ಅವರ ಮೌಲ್ಯಮಾಪನ 14ನೇ ಹಾಗೂ 18ನೇ ವಯಸ್ಸಿನಲ್ಲಿ ಮತ್ತೆ ನಡೆಯಬೇಕು, ಹದಿನೆಂಟರಲ್ಲಿ ಸಿಕ್ಕಿದ ಪ್ರಮಾಣಪತ್ರ ಜೀವನಪರ್ಯಂತ ಸಲ್ಲುತ್ತದೆ. ಹದಿನೆಂಟು ತುಂಬುವುದು ಕಾಲೇಜು ಸೇರುವ ಗಡಿಬಿಡಿಯಲ್ಲಿಯೇ ಆದ್ದರಿಂದ, ವರ್ಷದ ರಜೆಗೆ ಊರಿಗೆ ಬಂದಾಗ ಮದುವೆ, ಗೃಹಪ್ರವೇಶಗಳ ನಡುವೆ ಈ ಕೆಲಸಕ್ಕೆ ಒಂದು ವಾರ ಎತ್ತಿಡದ ಕುಟುಂಬ ಮುಂದೆ ವಿಮಾನದ ಟಿಕೆಟ್ಟಿಗೆ ಮತ್ತೊಮ್ಮೆ ದುಡ್ಡು ಸುರಿಯಬೇಕಾಗುತ್ತದೆ.

ಶೇ 40 ಮುಟ್ಟದವರಿಗೆ ಏನೂ ಇಲ್ಲವೆಂಬ ನಂಬಿಕೆ ಕಾಲೇಜು ಕಚೇರಿಗಳಲ್ಲಿ ಇಂದಿಗೂ ಉಳಿದಿದೆ, ಅದು ಸರಿಯಲ್ಲ. ಕೈಬರಹವನ್ನು ಅಸಾಧ್ಯವಾಗಿಸುವ ನರಸಂಬಂಧಿ ತೊಂದರೆಯಿದ್ದ ವಿಕಾಶ್ ಕುಮಾರ್ ಎಂಬ ನಾಗರಿಕ ಸೇವಾ ಪರೀಕ್ಷಾರ್ಥಿಗೆ, ಅಂಗವೈಕಲ್ಯದ ಪ್ರಮಾಣ ಸಾಲದೆಂಬ ಕಾರಣಕ್ಕೆ ಕೇಂದ್ರ ಲೋಕಸೇವಾ ಆಯೋಗವು ಬರಹ ಸಹಾಯಕನನ್ನು ನಿರಾಕರಿಸಿತ್ತು. ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ನೀಡಿದ ತೀರ್ಪಿನಲ್ಲಿ, ಶೇ 40ರ ಮಿತಿ ಮೀಸಲಾತಿಯಂತಹ ನಿರ್ದಿಷ್ಟ ಸವಲತ್ತುಗಳಿಗೆ ಮಾತ್ರ ಸಂಬಂಧಿಸಿದ್ದು, ಸಮಂಜಸ ಹೊಂದಾಣಿಕೆಗೆ ಅದನ್ನು ಷರತ್ತಾಗಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು. ಇದರ ಫಲವಾಗಿ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟಪಡುವವರಿಗೂ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಅಧ್ಯಾಪಕರ ಜೊತೆ ಮಾತಾಡುವಾಗ ತೀರ್ಪನ್ನು ಕೋಲಿನಂತೆ ಬೀಸುವುದು ವಿವೇಕವಲ್ಲ. ಕೋರಿಕೆಗೆ ಲಿಖಿತವಾಗಿ ‘ಇಲ್ಲ’ ಎಂದು ಬಂದ ಮೇಲೆ, ಪ್ರಾಂಶುಪಾಲರಿಗೋ ರಾಜ್ಯದ ವಿಕಲಚೇತನರ ಆಯುಕ್ತರಿಗೋ ಬರೆಯುವ ಮನವಿಯಲ್ಲಿ ಅದರ ಸ್ಥಾನ.

ಬರಹ ಸಹಾಯಕರನ್ನು ಹುಡುಕುವುದು ಎರಡೂ ದೇಶಗಳಲ್ಲಿ ಕಷ್ಟ, ಬಹರೈನಿನಲ್ಲಿ ತುಸು ಹೆಚ್ಚು. ವಿದ್ಯಾರ್ಥಿ ತಾನೇ ಸಹಾಯಕನನ್ನು ಕರೆತರುವುದಾದರೆ ಆತನ ವಿದ್ಯಾರ್ಹತೆ ಪರೀಕ್ಷಾರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು ಭಾರತದ 2018ರ ಮಾರ್ಗಸೂಚಿ ಹೇಳಿತ್ತು. ಬಹರೈನಿನಲ್ಲಿ ಸಂಸ್ಥೆಯೇ ಏರ್ಪಡಿಸುವುದು ಕ್ಷೇಮ, ಆದರೆ ಭಾರತೀಯ ಉಚ್ಚಾರಣೆಯ ಇಂಗ್ಲಿಷನ್ನು ವೇಗವಾಗಿ ಬರೆದುಕೊಳ್ಳಬಲ್ಲ, ಆ ವಿಷಯದ ಚಿಹ್ನೆಗಳನ್ನು ಬಲ್ಲ ವ್ಯಕ್ತಿ ಬೇಕೆಂದು ವಿದ್ಯಾರ್ಥಿ ಮುಂಚಿತವಾಗಿ ತಿಳಿಸಬೇಕು, ಪರೀಕ್ಷೆಗೆ ಮೊದಲು ಒಮ್ಮೆಯಾದರೂ ಇಬ್ಬರೂ ಕೂತು ಅಭ್ಯಾಸ ಮಾಡಬೇಕು. ‘ಕೆಳಗೆ ಎರಡು, ಮೇಲೆ ಮೂರು’ ಎಂದು ಸೂತ್ರ ಹೇಳಿ ಬರೆಸುವುದು ಮೊದಲ ಸಲಕ್ಕೆ ಯಾರಿಗೂ ಸುಲಭವಲ್ಲ. 1977ರಿಂದ ಚಟುವಟಿಕೆಯಲ್ಲಿರುವ ಕನ್ನಡ ಸಂಘ ಬಹರೈನ್‌ನಂತಹ ಸಂಸ್ಥೆಗಳು ರಾಜ್ಯೋತ್ಸವಕ್ಕೂ ಯಕ್ಷಗಾನಕ್ಕೂ ಸ್ವಯಂಸೇವಕರನ್ನು ಕಲೆಹಾಕುವುದರಲ್ಲಿ ಪಳಗಿವೆ. ಪರೀಕ್ಷೆ ಬರೆದುಕೊಡಬಲ್ಲ ಹತ್ತು ಜನರ ಪಟ್ಟಿಯೊಂದು ಅವುಗಳ ಬಳಿ ಇದ್ದರೆ ಅದಕ್ಕಿಂತ ಅಗ್ಗದ, ಉಪಯುಕ್ತವಾದ ಸೇವೆ ಇನ್ನೊಂದು ಸಿಗಲಾರದು. ಹಾಗೆ ಪಟ್ಟಿ ಮಾಡಲು ಹೊರಟರೆ ಎದುರಾಗುವ ಮೊದಲ ತಡೆ ಸ್ವಯಂಸೇವಕರ ಕೊರತೆಯಲ್ಲ, ಕುಟುಂಬಗಳ ಮೌನ. ನಾಲ್ಕು ಜನರಿಗೆ ಗೊತ್ತಾದರೆ ಮುಂದೆ ಸಂಬಂಧ ಕೂಡಿಬರುವುದಿಲ್ಲವೆಂಬ ಭಯ, ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯದಲ್ಲಿ, ಎಲ್ಲರಿಗೂ ಎಲ್ಲರೂ ಪರಿಚಿತರಾಗಿರುವ ಸಣ್ಣ ವಲಸಿಗ ಸಮಾಜದಲ್ಲಿ ಊರಿಗಿಂತ ಗಟ್ಟಿಯಾಗಿದೆ. ಕಾಲೇಜಿನ ಕಚೇರಿಗೆ ಕೊಟ್ಟ ವರದಿ ಅಲ್ಲಿಂದ ಸಂಘದ ಸಭಾಂಗಣಕ್ಕೆ ಹೋಗುವುದಿಲ್ಲ ಎಂಬ ಭರವಸೆಯನ್ನು ತಂದೆತಾಯಿಗೆ ಯಾರಾದರೂ ಬಿಡಿಸಿ ಹೇಳಬೇಕಾಗುತ್ತದೆ.

ಅಧ್ಯಾಪಕರು ಒಪ್ಪದಿದ್ದರೆ ಮೊದಲು ತಿಳಿಯಬೇಕಾದದ್ದು ಅವರು ಒಪ್ಪದಿರುವುದು ಯಾವುದನ್ನು ಎಂಬುದು. ಉಪನ್ಯಾಸವನ್ನು ಧ್ವನಿಮುದ್ರಿಸಲು ಬಿಡದ ಅಧ್ಯಾಪಕರು ಅದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋದೀತೆಂದು ಅಂಜಿರಬಹುದು. ಸ್ವಂತ ಓದಿಗೆ ಮಾತ್ರ ಬಳಸಿ ಸೆಮಿಸ್ಟರ್ ಮುಗಿದ ಮೇಲೆ ಅಳಿಸುವುದಾಗಿ ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಒಂದೇ ನ್ಯಾಯ ಎನ್ನುವ ಅಧ್ಯಾಪಕರಿಗೆ ವಾದಕ್ಕಿಂತ ಕಚೇರಿಯ ಪತ್ರವೇ ಸರಿಯಾದ ಉತ್ತರ, ಆಗ ಮಾತುಕತೆಯನ್ನು ಸಮಾಲೋಚಕರಿಗೆ ವಹಿಸಿ ವಿದ್ಯಾರ್ಥಿ ಹಿಂದೆ ಸರಿಯುವುದು ಒಳ್ಳೆಯದು. ಅಂಕ ಕೊಡುವವರ ಎದುರು ಹುಡುಗನೊಬ್ಬ ಒಬ್ಬಂಟಿಯಾಗಿ ಕಾದಾಡಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಒಪ್ಪಿದ ಏರ್ಪಾಡು ಮೊದಲ ಪರೀಕ್ಷೆಯಲ್ಲಿ ಕೆಲಸ ಮಾಡಲಿಲ್ಲವಾದರೆ, ಪ್ರತ್ಯೇಕ ಕೊಠಡಿ ಕೊಟ್ಟದ್ದು ಫೋಟೊಕಾಪಿ ಯಂತ್ರದ ಪಕ್ಕವಾಗಿದ್ದರೆ, ಅದನ್ನು ಆ ವಾರವೇ ತಿಳಿಸಿ ಬದಲಿಸಿಕೊಳ್ಳಬೇಕು, ಏಕೆಂದರೆ ಫಲಿತಾಂಶ ಬಂದ ಮೇಲೆ ಹೇಳಿದ್ದು ನೆಪದಂತೆ ಕೇಳಿಸುತ್ತದೆ.

ಕೊಲ್ಲಿಯ ವಿದ್ಯಾರ್ಥಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ವಾಸದ ಪರವಾನಗಿ ಸಾಮಾನ್ಯವಾಗಿ ತಂದೆಯ ಅಥವಾ ತಾಯಿಯ ಉದ್ಯೋಗಕ್ಕೆ ಅಂಟಿಕೊಂಡಿರುವುದರಿಂದ, ಆ ಉದ್ಯೋಗ ಹೋದರೆ ಪದವಿಯ ನಡುವಿನಲ್ಲಿಯೇ ಊರಿನ ಕಾಲೇಜಿಗೆ ವರ್ಗಾವಣೆಯಾಗಬೇಕಾದ ಸಂದರ್ಭ ಬರಬಹುದು. ಅಂಕಪಟ್ಟಿ, ವರ್ಗಾವಣೆ ಪತ್ರಗಳ ಜೊತೆಗೆ ಪ್ರತಿ ಸೆಮಿಸ್ಟರಿನ ಹೊಂದಾಣಿಕೆಯ ಪತ್ರ, ಅಧ್ಯಾಪಕರ ಒಪ್ಪಿಗೆಯ ಮಿಂಚಂಚೆ, ವೈದ್ಯಕೀಯ ವರದಿಯ ಮೂಲಪ್ರತಿ, ಅದು ಅರಬ್ಬಿಯಲ್ಲಿದ್ದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಇವುಗಳನ್ನು ಹೊರಡುವ ಮೊದಲೇ ಪಡೆದಿಟ್ಟುಕೊಂಡವರಿಗೆ ಹೊಸ ಕಾಲೇಜಿನಲ್ಲಿ ಮೊದಲ ಸೆಮಿಸ್ಟರ್ ಕೈತಪ್ಪುವುದಿಲ್ಲ. ವಿಶ್ವವಿದ್ಯಾಲಯದ ಮಿಂಚಂಚೆ ಖಾತೆ ವಿದ್ಯಾರ್ಥಿ ಬಿಟ್ಟುಹೋದ ಮೇಲೆ ಮುಚ್ಚಿಹೋಗಬಹುದಾದ್ದರಿಂದ, ಆ ಪತ್ರಗಳ ಪ್ರತಿಗಳು ಸ್ವಂತ ಖಾತೆಯಲ್ಲಿಯೂ ಇರಬೇಕು.